ಕೋವಿಗೊಂದು ಪಾಲು, ನಾಯಿಗೊಂದು ಪಾಲು

"ಇದು ಎಂಬತ್ತೈದಕ್ಕೆ ಯಾಕೆ ನಿಂತಿದೆ ಮಾರಾಯ?"

ಚಿಕ್ಕಪ್ಪ ಹಾಗೆ ಕೇಳಿದ್ದು ಮೊನ್ನೆ ಭಾನುವಾರ ಬೆಳಿಗ್ಗೆ. ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿ, ಎಕ್ಸೆಲ್ ಶೀಟಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟಿದ್ದರು. ಅವರಿಗೀಗ 68. ನಾನು ಮಾಡಿದ ಲೆಕ್ಕ 68ರಿಂದ ಶುರುವಾಗಿ, ವರ್ಷಕ್ಕೊಂದು ಸಾಲಿನಂತೆ ಕೆಳಗಿಳಿದು, 85ಕ್ಕೆ ಬಂದು ನಿಂತಿತ್ತು. ಅದರ ಕೆಳಗೆ ಖಾಲಿ.

"ಅಲ್ಲಿಗೆ ನಾನು ಹೊರಟೆ ಅಂತಲಾ?"

ಅವರು ನಗುತ್ತಲೇ ಕೇಳಿದ್ದರು. ನಾನೇ ಗಡಿಬಿಡಿ ಮಾಡಿಕೊಂಡು, "ಅಯ್ಯೋ, ಮುಗಿಯೋದು ನೀವಲ್ಲ ಚಿಕ್ಕಪ್ಪ, ದುಡ್ಡು" ಅಂದುಬಿಟ್ಟೆ. ಸಮಾಧಾನ ಹೇಳಲು ಹೋಗಿ ಆಡಿದ ಮಾತು. ಆಡಿದ ಮೇಲೆ ನನಗೇ ಹೊಟ್ಟೆ ತೊಳೆಸಿದಂತಾಯಿತು.

ನಿಜ ಹೇಳಬೇಕೆಂದರೆ ನಾನು ಊರಿಗೆ ಹೋದದ್ದು ದುಡ್ಡಿನ ವಿಷಯಕ್ಕಲ್ಲ, ಕೋವಿ ವಿಷಯಕ್ಕೆ. ಕೊಪ್ಪದ ಕಡೆ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇರುವ ಮನೆಗಳು ಇನ್ನೂ ಬೇಕಾದಷ್ಟಿವೆ. ನಮ್ಮಜ್ಜನ ಕಾಲದ ಒಂಟಿ ನಳಿಗೆ ಕೋವಿ ಚಿಕ್ಕಪ್ಪನ ಹೆಸರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಚುನಾವಣೆ ಬಂತೆಂದರೆ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಠಾಣೆಗೆ ಜಮಾ ಮಾಡಬೇಕು. ಮುಗಿದ ಮೇಲೆ ರಶೀದಿ ತೋರಿಸಿ ವಾಪಸ್ ತರಬೇಕು. ಲೈಸೆನ್ಸನ್ನು ಮೊದಲು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು, 2019ರ ತಿದ್ದುಪಡಿ ಆದಮೇಲೆ ಐದು ವರ್ಷಕ್ಕೊಮ್ಮೆ. ಜೊತೆಗೆ ಡಾಕ್ಟರ ಸರ್ಟಿಫಿಕೇಟು ಬೇಕು, ದೇಹ ಮತ್ತು ಮನಸ್ಸು ಎರಡೂ ನೆಟ್ಟಗಿದೆ ಅಂತ. ಶನಿವಾರ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ.

"ಅಜ್ಜಾ, ಈ ವಯಸ್ಸಲ್ಲಿ ಕೋವಿ ಎಂತಕ್ಕೆ?"

"ನಂಗೆ ವಯಸ್ಸಾಗಿದ್ದು ಮಂಗಗಳಿಗೆ ಗೊತ್ತಿಲ್ಲ ಅಲ್ವಾ ಮಗಾ."

ಆಕೆ ನಗು ತಡೆದುಕೊಂಡೇ ಸಹಿ ಹಾಕಿದರು. ಚಿಕ್ಕಪ್ಪ ಈಗ ಯಾವ ಪ್ರಾಣಿಯನ್ನೂ ಹೊಡೆಯುವುದಿಲ್ಲ. ಮಂಗ ಬಂದರೆ ಗಾಳಿಗೆ ಒಂದು ಈಡು, ಅಷ್ಟೇ. ಅದಕ್ಕೂ ಈಗೀಗ ಮಂಗಗಳು ಬಗ್ಗುವುದಿಲ್ಲವಂತೆ. ಸದ್ದು ಕೇಳಿದರೆ ತಲೆ ಎತ್ತಿ ನೋಡಿ, ಮತ್ತೆ ಏಲಕ್ಕಿ ಮುರಿಯುತ್ತವಂತೆ.

ಶಿಕಾರಿಯ ಮಾತು ಮಾತ್ರ ಬೇಕಾದಷ್ಟಿದೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಾಗ ಚಿಕ್ಕಪ್ಪನಿಗೆ ಹದಿನೈದು. ಅದಕ್ಕೂ ಮೊದಲು ಅಜ್ಜನ ಹಿಂದೆ ಚೀಲ ಹೊತ್ತುಕೊಂಡು ಹೋದದ್ದೇ ಅವರ ಶಿಕಾರಿ. ಆದರೆ ಹೇಳುವುದು ಕೇಳಿದರೆ ನೂರು ಹಂದಿ ಕೆಡವಿದವರ ಹಾಗೆ. ಯಾರು ಕೋವಿ ಹಿಡಿದು ಬಿಲ್ಲಿಗೆ ನಿಂತರು, ಯಾರು ಪ್ರಾಣಿ ಎಬ್ಬಿಸಲು ಹಳು ನುಗ್ಗಿದರು, ಮರದ ಮೇಲೆ ಮರಸು ಕೂತವನು ಹೇಗೆ ನಿದ್ದೆ ಹೋಗಿ ಕೆಳಗೆ ಬಿದ್ದ, ಎಲ್ಲವೂ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಬೆಳೆಯದೇ ಉಳಿದದ್ದು ಎರಡು ಸಂಗತಿ. ಒಂದು, ಅಜ್ಜ ಎಷ್ಟೇ ದೂರ ಹೋಗಲಿ, ಒಯ್ಯುತ್ತಿದ್ದದ್ದು ಮೂರೇ ತೋಟಾ, ಅಂದರೆ ಮೂರೇ ಗುಂಡು. ಅದರಲ್ಲಿ ಒಂದನ್ನು ವಾಪಸ್ ತರುತ್ತಿದ್ದರು. ಎದುರಿಗೇ ಹಂದಿ ನಿಂತಿದ್ದರೂ ಆ ಮೂರನೆಯದನ್ನು ತುಂಬುತ್ತಿರಲಿಲ್ಲ. "ಅದು ದಾರಿಗೆ" ಅನ್ನುತ್ತಿದ್ದರಂತೆ. ಎರಡನೆಯದು ಪಾಲಿನ ಲೆಕ್ಕ. ಹಂದಿ ಬಿದ್ದರೆ ಈಡು ಹೊಡೆದವನಿಗೆ ಒಂದು ಪಾಲು, ಕೋವಿಗೊಂದು ಪಾಲು, ನಾಯಿಗೊಂದು ಪಾಲು, ಆಮೇಲೆ ಹಳು ನುಗ್ಗಿದವರಿಗೆಲ್ಲ ಸಮ. ಎರವಲು ಕೋವಿ ತಂದಿದ್ದರೆ ಕೋವಿಯ ಪಾಲು ಅದರ ಯಜಮಾನನ ಮನೆಗೆ ಹೋಗಲೇಬೇಕು.

ಶನಿವಾರ ರಾತ್ರಿ ಈ ಪಾಲಿನ ಕಥೆ ಮತ್ತೆ ಕೇಳಿದ ಮೇಲೆಯೇ ಅವರ ಬ್ಯಾಂಕ್ ಪುಸ್ತಕಗಳು ಹೊರಬಂದದ್ದು. ಅರ್ಜಿಗೆ ಏನೋ ನಕಲು ಬೇಕೆಂದು ಕಪಾಟು ತೆಗೆದರು. ಕೋವಿಯ ಕಾಗದ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ವರ್ಷದ ಪ್ರಕಾರ ಜೋಡಿಸಿತ್ತು, ಠಾಣೆಯ ಹಳೇ ರಶೀದಿಗಳ ಸಮೇತ. ದುಡ್ಡಿನ ಕಾಗದ ಮಾತ್ರ ಸ್ವೀಟ್ ಬಾಕ್ಸ್ ಒಂದರಲ್ಲಿ ತುರುಕಿತ್ತು. ಎರಡು ಬ್ಯಾಂಕಿನ ಠೇವಣಿ, ಸುಮ್ನೆ ಉಳಿತಾಯ ಖಾತೆಯಲ್ಲೇ ಬಿದ್ದಿರುವ ಆರು ಲಕ್ಷ, ಅರವತ್ತು ದಾಟಿದವರ ಕೈಗೆ ಹತ್ತು ವರ್ಷ ಕಂತು ಕಟ್ಟುವ ಪಾಲಿಸಿ ಅಂಟಿಸಿ ಹೋದ ಯಾವನೋ ಪುಣ್ಯಾತ್ಮನ ಸಹಿ. ಆ ಮನುಷ್ಯ ಚಿಕ್ಕಪ್ಪನಿಗೆ ದೂರದ ನೆಂಟ ಬೇರೆ. ನೆಂಟರು ಮಾರುವ ಪಾಲಿಸಿಯಿಂದ ಊರವರನ್ನು ಕಾಯಲು ಯಾವ ಲೈಸೆನ್ಸ್ ಕೊಡುತ್ತಾರೋ ನೋಡಬೇಕು.

ಚಿಕ್ಕಪ್ಪ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಂಡು ನಿವೃತ್ತರಾದವರು. ಪಿಎಫ್ ಪಿಂಚಣಿ ತಿಂಗಳಿಗೆ 2,200 ಚಿಲ್ಲರೆ. ಇದಕ್ಕೆ ಬೈದು ಪ್ರಯೋಜನವಿಲ್ಲ, ಸೂತ್ರವೇ ಹಾಗೆ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 2014ರಿಂದ ಆ ಸಂಬಳಕ್ಕೆ 15,000ದ ಮಿತಿ, ಅದಕ್ಕೂ ಮೊದಲು 6,500. ಮೂವತ್ತೈದು ವರ್ಷ ದುಡಿದವನಿಗೂ 15,000ದ ಮೇಲೆ ಸಿಗುವುದು ಏಳೂವರೆ ಸಾವಿರ. ಅಡಿಕೆಯ ಆದಾಯವನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಅರ್ಧ ತೋಟ ಹಳದಿ ಎಲೆ ರೋಗಕ್ಕೆ ಹೋಗಿದೆ, ಉಳಿದದ್ದಕ್ಕೆ ಎಲೆಚುಕ್ಕಿ ಹತ್ತಿದೆ. ಪೇಟೆಯಲ್ಲಿದ್ದ ಸೈಟು ಮಾರಿದ್ದು, ಪಿಎಫ್, ಗ್ರಾಚ್ಯುಟಿ ಎಲ್ಲ ಕೂಡಿಸಿದರೆ 45 ಲಕ್ಷ.

ನನಗೆ ಇಂಥ ಕೆಲಸ ಅಂದರೆ ಹಬ್ಬ. ರಾತ್ರಿ ಹನ್ನೆರಡರವರೆಗೆ ಕೂತೆ. 30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಒಬ್ಬರಿಗೆ ಅದೇ ಗರಿಷ್ಠ ಮಿತಿ, 2023ಕ್ಕೆ ಮೊದಲು 15 ಲಕ್ಷವಿತ್ತು. ಶೇಕಡಾ 8.2ರಂತೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಹೂಡಿದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಉಳಿದ 15 ಲಕ್ಷ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿ ಖಾತೆಗೆ. 7.4ರಂತೆ ತಿಂಗಳಿಗೆ 9,250. ಪಿಂಚಣಿ ಸೇರಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 32,000. ಮನೆ ಖರ್ಚು 28,000. ಚಿಕ್ಕಪ್ಪನಿಗೆ ಇಷ್ಟು ಹೇಳಿ ನಿಲ್ಲಿಸಿದ್ದರೆ ಎಲ್ಲರೂ ಖುಷಿಯಾಗಿ ಕಡುಬು ತಿನ್ನುತ್ತಿದ್ದೆವು.

ಆದರೆ ಬಡ್ಡಿ ನಿಂತಲ್ಲೇ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ವರ್ಷಕ್ಕೆ ಶೇಕಡಾ ಆರರಂತೆ ಬೆಲೆ ಏರಿದರೆ ಹನ್ನೆರಡು ವರ್ಷಕ್ಕೆ ಖರ್ಚು ಎರಡು ಪಟ್ಟು. ಮೊದಲ ಮೂರು ವರ್ಷ ಸ್ವಲ್ಪ ಉಳಿಯುತ್ತದೆ. ನಾಲ್ಕನೇ ವರ್ಷದಿಂದ ಅಸಲಿಗೆ ಕೈ ಹಾಕಬೇಕು. ಮೊದಮೊದಲು ಗೊತ್ತೇ ಆಗದಷ್ಟು, ಎಪ್ಪತ್ತೆಂಟರ ಹೊತ್ತಿಗೆ ಜಾಸ್ತಿ, ಎಂಬತ್ತು ದಾಟಿದ ಮೇಲೆ ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಜೀಪಿನ ಹಾಗೆ. ಎಂಬತ್ತೈದನೇ ವಯಸ್ಸಿನ ಸಾಲಿನಲ್ಲಿ ಸೊನ್ನೆ. ಸೊನ್ನೆ ಬಂದಮೇಲೆ ಮುಂದಿನ ಸಾಲು ಬರೆಯುವುದು ಯಾತಕ್ಕೆ ಅಂತ ಅಲ್ಲಿಗೆ ಬಿಟ್ಟಿದ್ದೆ.

"ದುಡ್ಡು ಮುಗಿದು ನಾನು ಉಳಿಯೋದಾ?" ಅಂದರು ಚಿಕ್ಕಪ್ಪ. ಅಜ್ಜನ ಕೋವಿಯ ಕಡೆ ಒಮ್ಮೆ ನೋಡಿದರು. "ಮೂರನೇ ತೋಟಾನೂ ಹೊಡೆದುಬಿಟ್ಟ ಹಾಗಾಯ್ತಲ್ಲ."

ಆಗ ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದರು. ಕೈಯಲ್ಲಿ ಕಾಫಿ ಲೋಟ, ಒರೆಸುವ ಬಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಇವರಿಗೆ ಎಂಬತ್ತೈದಾದಾಗ ನಂಗೆ ಎಷ್ಟಾಗ್ತದೆ?"

ಯಾರೂ ಮಾತಾಡಲಿಲ್ಲ. ಚಿಕ್ಕಮ್ಮನಿಗೆ 61. ಏಳು ವರ್ಷದ ಅಂತರ. ಎಪ್ಪತ್ತೆಂಟಾಗುತ್ತದೆ. ನಮ್ಮ ಕಡೆಯ ಹೆಂಗಸರು ಎಪ್ಪತ್ತೆಂಟಕ್ಕೆ ಸೊಪ್ಪು ಕೊಯ್ಯಲು ಗುಡ್ಡ ಹತ್ತುತ್ತಾರೆ. ನನ್ನ ಶೀಟಿನಲ್ಲಿ ಹಾಲಿಗೊಂದು ಕಾಲಮ್ ಇತ್ತು, ಗ್ಯಾಸಿಗೊಂದು, ಆಸ್ಪತ್ರೆಗೊಂದು. ಜೀಪಿನ ಇನ್ಶೂರೆನ್ಸಿಗೂ ಇತ್ತು. ಚಿಕ್ಕಮ್ಮನ ವಯಸ್ಸು ಎಲ್ಲೂ ಇರಲಿಲ್ಲ.

"ಕೋವಿಗೊಂದು ಪಾಲು, ನಾಯಿಗೊಂದು ಪಾಲು ಅಂತ ನಿನ್ನೆ ಅಷ್ಟು ಹೊತ್ತು ಹೇಳಿದ್ರಿ" ಅಂದರು ಲೋಟ ಒರೆಸುತ್ತಲೇ. "ಬೇಯಿಸಿದವರಿಗೆ ಅಂತ ಒಂದು ಇರಲಿಲ್ವಾ?"

ಕೋಪದಿಂದ ಹೇಳಿದ್ದಲ್ಲ. ಅಡಿಕೆ ಒಣಗಿತಾ ಅಂತ ಕೇಳುವ ಧ್ವನಿಯಲ್ಲೇ ಕೇಳಿದರು. ಲೋಟ ಇಟ್ಟು ಒಳಗೆ ಹೋದರು. ಒಳಗಿನಿಂದ ಒಗ್ಗರಣೆಯ ಸದ್ದು ಬಂತು.

ಆ ಪ್ರಶ್ನೆ ಬೆಂಗಳೂರಿಗೆ ಬಸ್ಸಿನಲ್ಲಿ ನನ್ನ ಜೊತೆಗೇ ಬಂತು. ಮಂಗಳವಾರ ಆಫೀಸಿನ ಮೀಟಿಂಗಿನಲ್ಲೂ ಕೇಳಿಸಿತು. ನಂಗೆ ಎಷ್ಟಾಗ್ತದೆ? ಚಿಕ್ಕಪ್ಪನ ಪ್ರಶ್ನೆಗೆ ನಕ್ಕ ಹಾಗೆ ಇದಕ್ಕೆ ನಗಲು ಆಗುವುದಿಲ್ಲ. ತಮಾಷೆಯೆಂದರೆ ಕೋವಿಯ ವಿಷಯದಲ್ಲಿ ಆ ಮನೆಯಲ್ಲಿ ಎಂಥ ದೂರದೃಷ್ಟಿ ಅಂತೀರಿ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ, ಲೈಸೆನ್ಸ್ ಇದ್ದವರಿಗೆ ಎಪ್ಪತ್ತು ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು ಇಪ್ಪತ್ತೈದು ವರ್ಷವಾದರೆ, ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ಇದು ಚಿಕ್ಕಪ್ಪನಿಗೆ ಬಾಯಿಪಾಠ. ಈ ಸಲ ನವೀಕರಣ, ಮುಂದಿನ ಸಲ ಮಗನ ಹೆಸರಿಗೆ ಅಂತ ತೀರ್ಮಾನವೂ ಆಗಿದೆ. ಆ ಮಗ, ಅಂದರೆ ನನ್ನ ತಮ್ಮ, ವೈಟ್‌ಫೀಲ್ಡಿನ ಹದಿನಾಲ್ಕನೇ ಮಹಡಿಯಲ್ಲಿದ್ದಾನೆ. ಜಿರಳೆ ಕಂಡರೆ ಸೋಫಾ ಹತ್ತುವವನು. "ಅಪ್ಪ, ದುಡ್ಡಿಗೆ ಎಂತಕ್ಕೆ ಚಿಂತೆ, ನಾನಿದ್ದೀನಲ್ಲ" ಅಂತ ದೀಪಾವಳಿಗೊಮ್ಮೆ ಹೇಳುತ್ತಾನೆ. ಒಳ್ಳೆಯ ಹುಡುಗನೇ. ಆದರೆ ಆ ಮಾತನ್ನು ಶೀಟಿನ ಯಾವ ಕಾಲಮ್ಮಿಗೆ ಹಾಕಲಿ ಹೇಳಿ?

ಕೋವಿಗೆ ವಾರಸುದಾರ ಸಿಕ್ಕಿದ್ದ. ಠೇವಣಿಗಳಲ್ಲಿ ಒಂದಕ್ಕೆ ನಾಮಿನಿಯ ಜಾಗವೇ ಖಾಲಿ. ಇನ್ನೊಂದರಲ್ಲಿ ನಮ್ಮ ಅಜ್ಜಿಯ ಹೆಸರು. ಅಜ್ಜಿ ತೀರಿಕೊಂಡು ಹತ್ತು ವರ್ಷವಾಯಿತು.

ಬುಧವಾರ ರಾತ್ರಿ ಶೀಟನ್ನು ಮತ್ತೆ ತೆಗೆದು ವಯಸ್ಸಿನ ಕಾಲಮ್ಮಿನ ಪಕ್ಕ ಇನ್ನೊಂದು ಸೇರಿಸಿದೆ. 61, 62, 63. ಆ ಅಂಕಿ ಹೊಡೆಯುತ್ತಿದ್ದಾಗ ತಲೆಗೆ ಹೊಳೆಯಿತು. ಚಿಕ್ಕಮ್ಮನಿಗೆ ಅರವತ್ತು ದಾಟಿದೆ! ಅವರ ಹೆಸರಲ್ಲೇ ಬೇರೆ ಹಿರಿಯ ನಾಗರಿಕರ ಖಾತೆ ತೆರೆಯಬಹುದು. ಮಿತಿ ಒಬ್ಬೊಬ್ಬರಿಗೆ ಪ್ರತ್ಯೇಕ. 7.4ರಲ್ಲಿ ಇಡಲು ಹೊರಟಿದ್ದ 15 ಲಕ್ಷ ಅವರ ಖಾತೆಯಲ್ಲಿ 8.2ಕ್ಕೆ ಕೂರುತ್ತದೆ. ತಿಂಗಳ ಲೆಕ್ಕದಲ್ಲಿ 10,250. ಅಂದರೆ ಅವರನ್ನು ಮರೆತದ್ದಕ್ಕೆ ನಾನು ಆ ಮನೆಗೆ ತಿಂಗಳಿಗೆ 1,000 ರೂಪಾಯಿ ದಂಡ ಹಾಕಲು ಹೊರಟಿದ್ದೆ. ಸೊನ್ನೆ ಬರುವ ಸಾಲು ಹತ್ತಿರ ಒಂದು ವರ್ಷ ಕೆಳಗೆ ಇಳಿಯಿತು. ಅದರ ಕೆಳಗೂ ನಾನು ಸಾಲು ಎಳೆಯುತ್ತ ಹೋದೆ, ಚಿಕ್ಕಮ್ಮನಿಗೆ 95 ಆಗುವವರೆಗೆ. ಕೆಂಪು ಬಣ್ಣದ ಹದಿನೇಳು ಸಾಲು. ನೋಡಲು ಚೆನ್ನಾಗಿಲ್ಲ. ಆ ಸಾಲುಗಳಿಗೆ ಮನೆ ಖರ್ಚು ಎಲ್ಲಿ ತಗ್ಗಿಸಬೇಕು, ಆ ದರಿದ್ರ ಪಾಲಿಸಿಯನ್ನು ಯಾವಾಗ ಕೈಬಿಡಬೇಕು, ತೋಟದಲ್ಲಿ ಎಷ್ಟು ಭಾಗ ಗೇಣಿಗೆ ಕೊಡಬೇಕು ಅಂತ ಮೂವರೂ ಕೂತು ಮಾತಾಡಬೇಕು. ಮೂವರು, ಇಬ್ಬರಲ್ಲ.

ಆಮೇಲೆ ಸುಮ್ಮನೆ ಕುತೂಹಲಕ್ಕೆ ನನ್ನದೇ ನಿವೃತ್ತಿಯ ಶೀಟು ತೆಗೆದು ನೋಡಿದೆ. ಎಂಟು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲಿ ತಿದ್ದುತ್ತ ಬಂದ, ಗೆಳೆಯರಿಗೆಲ್ಲ ತೋರಿಸಿ ಜಂಬ ಕೊಚ್ಚಿಕೊಂಡ ಶೀಟು. ವಯಸ್ಸಿನ ಕಾಲಮ್ ಒಂದೇ ಇತ್ತು. ಪಕ್ಕದ ಕೋಣೆಯಲ್ಲಿ ಹೆಂಡತಿ ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದಳು. ಲ್ಯಾಪ್‌ಟಾಪ್ ಮುಚ್ಚಿದೆ.

ನಿನ್ನೆ ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನ್ ಮಾಡಿ ಖಾತೆಯ ವಿಷಯ ಹೇಳಿದೆ. ಆಧಾರ್, ಪ್ಯಾನ್, ಎರಡು ಫೋಟೋ ತೆಗೆದಿಡಿ ಅಂದೆ. ಅಂಚೆ ಕಚೇರಿಗೆ ಯಾರು ಬರಬೇಕು ಅಂತ ಕೇಳಿದರು. ನೀವೇ ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.

"ಆ ಪಟ್ಟಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕಳಿಸು. ನಂದೂ ವಯಸ್ಸು ಹಾಕಿದ್ದೀಯಲ್ಲ, ಅದು."

"ಎಂತಕ್ಕೆ ಚಿಕ್ಕಮ್ಮ?"

"ಕೋವಿ ಕಪಾಟಿನ ಬಾಗಿಲಿಗೆ ಒಳಗಿಂದ ಅಂಟಿಸ್ತೀನಿ. ಅಲ್ಲಾದ್ರೆ ನಿನ್ನ ಚಿಕ್ಕಪ್ಪ ದಿನಾ ತೆಗೆದು ನೋಡ್ತಾರೆ."