ಏರಿಯ ಹಿಂಬದಿ

ಕೆರೆ ಕೋಡಿ ಬಿದ್ದಿದೆ ಅಂತ ಅಣ್ಣನ ಮಗ ಫೋನ್ ಮಾಡಿದಾಗ ಬೆಂಗಳೂರಿನಲ್ಲೂ ಮಳೆ ಬಿಟ್ಟಿರಲಿಲ್ಲ. 2021ರ ನವೆಂಬರ್. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜನ ಆಸೆ ಬಿಟ್ಟಿದ್ದ ಕೆರೆಗಳೆಲ್ಲ ಒಂದೊಂದಾಗಿ ತುಂಬಿಕೊಳ್ಳುತ್ತಿದ್ದ ತಿಂಗಳು. ನಮ್ಮೂರಿರುವುದು ತುಮಕೂರು ಜಿಲ್ಲೆಯಲ್ಲಿ. ಹುಡುಗನಿಗೆ ಹದಿನೇಳು ವರ್ಷ, ಬುದ್ಧಿ ಬಂದಾಗಿನಿಂದ ಅವನು ಕೋಡಿ ಹರಿದದ್ದನ್ನು ಕಂಡವನೇ ಅಲ್ಲ. "ಚಿಕ್ಕಪ್ಪ, ಫಾಲ್ಸ್ ಥರ ಕಾಣ್ತೈತೆ, ಬೇಗ ಬಾ" ಅಂದ. 21ನೇ ತಾರೀಕು, ಭಾನುವಾರ, ಕೋಳಿ ಕೂಗೋ ಹೊತ್ತಿಗೇ ಹೊರಟೆ.

ಏರಿ ಮೇಲೆ ಜಾತ್ರೆ ನೆರೆದಿತ್ತು. ಅರ್ಧ ಮೈಲಿಯಷ್ಟು ಉದ್ದದ ಮಣ್ಣಿನ ಏರಿ, ಎತ್ತರ ಹೆಚ್ಚೆಂದರೆ ಇಪ್ಪತ್ತು ಅಡಿ. ಅದರ ಮೇಲೆ ಬೈಕುಗಳ ಸಾಲು, ನಾಲ್ಕೈದು ಕಾರು, ಒಂದು ಟ್ರ್ಯಾಕ್ಟರ್. ಮುಸುಕಿನ ಜೋಳ ಸುಡುವವನೊಬ್ಬ, ಬೋಂಡಾ ಗಾಡಿಯೊಂದು. ಗಂಗಮ್ಮನಿಗೆ ಬಾಗಿನ ಬಿಡಲು ಬಂದ ಹೆಂಗಸರು ಮೊರ ಹಿಡಿದುಕೊಂಡು ತೂಬಿನ ಕಲ್ಲುಕಂಬಗಳ ನೇರಕ್ಕೆ ನಿಂತಿದ್ದರು. ಕೋಡಿಯಲ್ಲಂತೂ ಪಕ್ಕದ ಊರುಗಳ ಹುಡುಗರೂ ಸೇರಿ ಸೊಂಟದ ಮಟ್ಟದ ನೀರಿನಲ್ಲಿ ಕೈಕೈ ಹಿಡಿದು ಕುಣಿಯುತ್ತಿದ್ದರು. ದಡದಲ್ಲಿ ಇನ್ನಷ್ಟು ಹುಡುಗರು ಮೊಬೈಲು ಹಿಡಿದು ರೀಲ್ಸ್ ಮಾಡುತ್ತಿದ್ದರು.

ಕೆರೆಗೆ ಇಳಿಯಬೇಡಿ ಅನ್ನುವ ಜಾತಿಯವನಲ್ಲ ನಾನು. ಇದೇ ಕೆರೆಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಈಜು ಕಲಿತವನು. ಆಗ ನಮಗಿದ್ದ ಕಟ್ಟಳೆ ಎರಡೇ: ತೂಬು ಎತ್ತಿರುವಾಗ ಅದರ ಹತ್ತಿರ ಸುಳಿಯಬಾರದು, ಕೋಡಿ ಹರಿಯುವಾಗ ಅಡ್ಡ ದಾಟಬಾರದು. ಉಳಿದಂತೆ ಕೆರೆಯ ನೆಲ ನಮಗೆ ಅಂಗೈಯಷ್ಟು ಗೊತ್ತಿತ್ತು, ಯಾಕೆಂದರೆ ಬೇಸಿಗೆಯಲ್ಲಿ ಅದರಲ್ಲೇ ಎಮ್ಮೆ ಮೇಯಿಸುತ್ತಿದ್ದೆವು. ಈಗಿನ ಕೆರೆ ಅದಲ್ಲ. ಬರಗಾಲದ ವರ್ಷಗಳಲ್ಲಿ ಗೋಡು ತೆಗೆಯುತ್ತೇವೆಂದು ಜೆಸಿಬಿ ತಂದು, ಎಲ್ಲಿ ಮಣ್ಣು ಚೆನ್ನಾಗಿತ್ತೋ ಅಲ್ಲೆಲ್ಲ ಬಾವಿಯಂಥ ಗುಂಡಿ ಮಾಡಿಟ್ಟಿದ್ದಾರೆ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿರುವವನ ಮುಂದಿನ ಹೆಜ್ಜೆಗೆ ಹನ್ನೆರಡು ಅಡಿ. ಕೆರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಬಂದಾಗಲೆಲ್ಲ ಬಹುಪಾಲು ಇಂಥ ಗುಂಡಿಯ ಕತೆಯೇ ಇರುತ್ತದೆ. ಅಂಗಳದ ಕಡೆ ಇಳಿಯುತ್ತಿದ್ದ ಮೂವರನ್ನು ಕೂಗಿ ವಾಪಸ್ಸು ಕರೆದೆ. ಬಂದರು, ನನ್ನನ್ನು ಮನಸ್ಸಿನಲ್ಲೇ ಬೈದುಕೊಂಡು.

ಅಷ್ಟೂ ಜನರಲ್ಲಿ ನೀರಿಗೆ ಬೆನ್ನು ಹಾಕಿದ್ದವನು ಒಬ್ಬನೇ, ನೀರುಗಂಟಿ ತಾತ. ಏರಿಯ ಹಿಂಬದಿ, ಗದ್ದೆ ಕಡೆಯ ಇಳಿಜಾರಿನ ಬುಡದಲ್ಲಿ, ಬರಿಗಾಲಲ್ಲಿ ನಿಧಾನವಾಗಿ ನಡೆಯುತ್ತಿದ್ದ. ಕೈಯಲ್ಲಿ ಕುಡುಗೋಲು. ಅಚ್ಚುಕಟ್ಟಿಗೆ ಸರದಿ ಪ್ರಕಾರ ನೀರು ಬಿಡುವುದು ಅವನ ಮನೆತನದ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಗಿ, ಭತ್ತ ಅಳೆಸಿಕೊಳ್ಳುತ್ತಿದ್ದ. ಬೋರ್‌ವೆಲ್ ಬಂದ ಮೇಲೆ ಕೆರೆ ನೀರು ಯಾರಿಗೂ ಬೇಕಾಗಲಿಲ್ಲ, ಕಣದಲ್ಲಿ ಅವನಿಗೆ ಅಳೆಯುವವರೂ ಇಲ್ಲವಾದರು. ಹಾಗಂತ ಅವನು ಏರಿ ಸುತ್ತುವುದನ್ನು ಬಿಟ್ಟಿರಲಿಲ್ಲ.

"ಏನ್ ತಾತ, ಎಲ್ರೂ ಅತ್ಲಾಗವ್ರೆ, ನೀನೊಬ್ನೇ ಇತ್ಲಾಗೆ?" ಅಂದೆ.

"ಮ್ಯಾಕ್ ನಿಂತ್ಕಂಡು ಏನ್ ನೋಡಾದು? ಬಾ ಇಲ್ಲಿ. ಚಪ್ಲಿ ಬುಟ್ ಬಾ."

ಬಿಟ್ಟು ಇಳಿದೆ. ತುಂಬಿದ ಕೆರೆಯ ಏರಿ ಹಿಂದೆ ಒಂದಷ್ಟು ಬೆವರುವುದು ಸಹಜವಂತೆ. ಎಲ್ಲಿ ಬೆವರುತ್ತದೆ, ನಿನ್ನೆಗಿಂತ ಹೆಚ್ಚೋ ಕಮ್ಮಿಯೋ ಅನ್ನುವುದು ಅಂಗಾಲಿಗೇ ಮೊದಲು ಗೊತ್ತಾಗುತ್ತದೆ. ಹುಲ್ಲು ದಟ್ಟವಾಗಿರುವಲ್ಲಿ ಕಣ್ಣಿಗೇನೂ ಕಾಣುವುದಿಲ್ಲ. ನಾಲ್ಕಾರು ಕಡೆ ನೆಲ ಜಿನುಗುತ್ತಿತ್ತು, ತಾತ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂಗೈಯಲ್ಲಿ ಬೊಗಸೆ ಹಿಡಿದು ತೋರಿಸಿದ: "ತಿಳಿಯಾಗೈತೆ ನೋಡು. ಇದು ಬರೀ ನೀರು. ಏನೂ ಮಾಡಕಿಲ್ಲ."

ಇನ್ನೊಂದು ಇಪ್ಪತ್ತು ಮಾರು ಮುಂದೆ, ಹುಲ್ಲು ಕೊಯ್ದ ಜಾಗದಲ್ಲಿ, ಹೆಬ್ಬೆರಳು ತೂರುವಷ್ಟು ತೂತಿನಿಂದ ನೀರು ಪುಟಿಯುತ್ತಿತ್ತು. ಸುತ್ತಲೂ ಇರುವೆ ಗೂಡಿನ ಹಾಗೆ ಮಣ್ಣು ಗುಡ್ಡೆ ಕಟ್ಟಿತ್ತು. ನೀರಿನ ಬಣ್ಣ ಹಾಲು ಕಮ್ಮಿ ಹಾಕಿದ ಚಹಾದ್ದು. ತಾತ ಮಾತಾಡಲಿಲ್ಲ. ಬೊಗಸೆಯಲ್ಲಿ ತುಂಬಿಕೊಂಡು ನೋಡಿ ಚೆಲ್ಲಿದ. ಅಂಗೈ ಗೆರೆಗಳಲ್ಲಿ ಕೆಮ್ಮಣ್ಣು ಉಳಿಯಿತು.

ನನ್ನ ಕೈಕಾಲು ತಣ್ಣಗಾಯಿತು. ಎರಡು ದಿನದ ಹಿಂದೆ, 19ರಂದು, ಕಡಪ ಜಿಲ್ಲೆಯ ರಾಜಂಪೇಟೆ ಹತ್ತಿರ ಅನ್ನಮಯ್ಯ ಜಲಾಶಯದ ಮಣ್ಣಿನ ಕಟ್ಟೆ ಕೊಚ್ಚಿಹೋಗಿ ಕೆಳಗಿನ ಹಳ್ಳಿಗಳನ್ನು ನೀರು ಗುಡಿಸಿಕೊಂಡು ಹೋದದ್ದನ್ನು ಟೀವಿಯಲ್ಲಿ ನೋಡಿದ್ದೆ. ಅದೇ ಭಾನುವಾರ ತಿರುಪತಿ ಬಳಿಯ ರಾಯಲಚೆರುವಿನ ಏರಿ ಸೋರುತ್ತಿದೆ ಅಂತ ಊರೂರೇ ಖಾಲಿ ಮಾಡಿಸುತ್ತಿದ್ದರು. ನಮ್ಮ ಏರಿಯ ಮೇಲೆ ಆ ಹೊತ್ತಿಗೆ ಮುನ್ನೂರು ಜನರಾದರೂ ಇದ್ದರು.

ಮೊದಲು ಹೊಳೆದದ್ದು ಯಾರಿಗಾದರೂ ಹೊಳೆಯುವಂಥದ್ದೇ: ತೂತು ಮುಚ್ಚಬೇಕು. ಒಂದು ಕಲ್ಲು ಎತ್ತಿಕೊಂಡು ಬಂದೆ. ತಾತ ನನ್ನ ರಟ್ಟೆ ಹಿಡಿದ.

"ಬಾಯಿ ಮುಚ್ಬ್ಯಾಡ ಕಣಪ್ಪ. ಇಲ್ಲಿ ಮುಚ್ಚಿದ್ರೆ ಒಳಗಡೆ ಇನ್ನೊಂದ್ ಬಾಯಿ ಮಾಡ್ಕತದೆ. ನೀರ್ ಹೋಗ್ಲಿ, ಮಣ್ ಹೋಗ್ಬಾರ್ದು."

ಆಮೇಲೆ ಗೊತ್ತಾಯಿತು, ಇಂಜಿನಿಯರುಗಳು ಹೇಳುವುದೂ ಅದನ್ನೇ. ಮಣ್ಣಿನ ಕಟ್ಟೆಗಳು ಒಡೆಯುವ ದೊಡ್ಡ ಕಾರಣಗಳು ಎರಡು. ಒಂದು, ನೀರು ಏರಿಯ ತಲೆ ದಾಟಿ ಹರಿಯುವುದು. ಇನ್ನೊಂದು ಇದು: ನೀರು ಒಳಗಿನಿಂದ ಮಣ್ಣಿನ ಕಣ ಕಣ ಹೊತ್ತುಕೊಂಡು ಬಂದು, ಹಿಂದಿನಿಂದ ಮುಂದಕ್ಕೆ ಕೊಳವೆ ಕೊರೆಯುತ್ತಾ ಹೋಗುವುದು. ಅಮೆರಿಕದ ಟೀಟನ್ ಅಣೆಕಟ್ಟೆ 1976ರಲ್ಲಿ ಹೀಗೆಯೇ ಹೋಯಿತು, ಬೆಳಿಗ್ಗೆ ಕಂಡ ಸೋರಿಕೆ ಮಧ್ಯಾಹ್ನಕ್ಕೆ ಇಡೀ ಕಟ್ಟೆಯನ್ನು ನುಂಗಿತು.

ಅಣ್ಣನ ಮಗನನ್ನು ಕೂಗಿದೆ. ಒದ್ದೆ ಚಡ್ಡಿಯಲ್ಲೇ ಓಡಿ ಬಂದ, ಅವನ ಹಿಂದೆ ಕೋಡಿಯಲ್ಲಿ ಕುಣಿಯುತ್ತಿದ್ದ ಇಪ್ಪತ್ತು ಹುಡುಗರು. ಹತ್ತಿರದಲ್ಲಿ ಮನೆ ಕಟ್ಟಿಸುತ್ತಿದ್ದವರ ಮರಳು, ಜಲ್ಲಿ ಯಾರನ್ನೂ ಕೇಳದೆ ಟ್ರ್ಯಾಕ್ಟರಿಗೆ ತುಂಬಿತು. ಖಾಲಿ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಆ ಬಾಯಿಯ ಸುತ್ತ ಬಾವಿ ಕಟ್ಟೆಯ ಹಾಗೆ ಗುಂಡಗೆ ಪೇರಿಸಿದರು. ಒಳಗೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ. ಒಂದು ಕಡೆ ನೀರು ಹೋಗಲು ಪಿವಿಸಿ ಪೈಪಿನ ತುಂಡು. ಕಾಫಿ ಸೋಸಿದ ಹಾಗೆ, ಮಣ್ಣು ಕೆಳಗೇ ನಿಲ್ಲಬೇಕು, ನೀರು ಮೇಲೆ ಬರಬೇಕು. ಚೀಲದ ಕಟ್ಟೆಯೊಳಗೆ ನೀರು ಏರಿದಷ್ಟೂ ಕೆರೆಯ ನೂಕು ಕಮ್ಮಿಯಾಗುತ್ತದೆ.

ಇತ್ತ ಏರಿಯ ಮೇಲಿನ ಕಾರುಗಳನ್ನು ಇಳಿಸುವುದು ಮರಳು ಹೊರುವುದಕ್ಕಿಂತ ಕಷ್ಟವಾಯಿತು. "ಪಾರ್ಕಿಂಗ್ ಎಲ್ಲಿ ಮತ್ತೆ?" ಅಂತ ಒಬ್ಬರು ಕೇಳಿದರು. ಬೋಂಡಾ ಗಾಡಿಯವನೇ ಎಲ್ಲರಿಗಿಂತ ಮೊದಲು ಹೊರಟ, ಪಾಪ, ಎಣ್ಣೆ ಇನ್ನೂ ಕಾದಿತ್ತು.

ತಾತ ತೂಬು ಪೂರ್ತಿ ಎತ್ತಿಸಿದ. ಅಷ್ಟಕ್ಕೆ ನೀರು ಇಳಿಯುವ ಹಾಗೆ ಕಾಣಲಿಲ್ಲ. ಆಗ ಅವನು ಕೋಡಿಗೆ ಹೋಗಿ ತೋರಿಸಿದ್ದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ಮೀನು ಹೊರಗೆ ಹೋಗದಿರಲೆಂದು ಕೋಡಿಯ ಉದ್ದಕ್ಕೂ ಬಲೆ ಕಟ್ಟಿದ್ದರು. ಬಲೆಗೆ ಜೊಂಡು, ಕಸ, ಪ್ಲಾಸ್ಟಿಕ್ಕು ಸಿಕ್ಕಿಕೊಂಡು ಅದೊಂದು ಗೋಡೆಯೇ ಆಗಿತ್ತು. ಹುಡುಗರು ಫಾಲ್ಸ್ ಅಂದುಕೊಂಡು ಕುಣಿಯುತ್ತಿದ್ದದ್ದು ಆ ಗೋಡೆ ಹಾಯ್ದು ಬೀಳುತ್ತಿದ್ದ ನೀರಿನಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಬ್ಬರು ಇಳಿದು ಬಲೆ ಕೊಯ್ದರು. ಸಂಜೆಯೊಳಗೆ ಮುಕ್ಕಾಲು ಅಡಿ ನೀರು ಇಳಿಯಿತು.

ಆ ತೂತು ಅಲ್ಲೇ ಯಾಕೆ ಬಂತು ಅನ್ನುವುದಕ್ಕೂ ತಾತನ ಹತ್ತಿರ ಉತ್ತರವಿತ್ತು. ಹಿಂದಿನ ವರ್ಷ ಏರಿ ಅಭಿವೃದ್ಧಿ ಅಂತ ಕೆಲಸ ನಡೆದಾಗ ಅಲ್ಲಿದ್ದ ದೊಡ್ಡ ಜಾಲಿ ಮರಗಳನ್ನು ಜೆಸಿಬಿಯಿಂದ ಬುಡಸಮೇತ ಕಿತ್ತು, ಗುಂಡಿಗೆ ಸಡಿಲ ಮಣ್ಣು ಸುರಿದು, ಮೇಲೆ ಹಸಿರು ಬಣ್ಣದ ಕಂಬಿ ನೆಟ್ಟು ಹೋಗಿದ್ದರು. ಏರಿಯ ಮೇಲೆ ಮರ ಬೆಳೆಯಗೊಡಬಾರದು, ನಿಜ. ಬೆಳೆದ ಮರವನ್ನು ಕಿತ್ತ ಮೇಲೆ ಬೇರಿನ ದಾರಿಗಳನ್ನು ಪದರ ಪದರವಾಗಿ ಮಣ್ಣು ಹಾಕಿ ದಮ್ಮಸ್ಸು ಮಾಡದಿದ್ದರೆ ಮರವೇ ವಾಸಿ. ಹೆಗ್ಗಣದ ಬಿಲ, ಏಡಿ ತೂತು, ಹುತ್ತ, ಎಲ್ಲದರ ಕತೆಯೂ ಅಷ್ಟೇ. 1369ರಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಪೋರುಮಾಮಿಳ್ಳ ಕೆರೆಯ ಶಾಸನದಲ್ಲಿ ಕೆರೆಗೆ ಬರುವ ಆರು ದೋಷಗಳ ಪಟ್ಟಿ ಇದೆ. ಕಟ್ಟೆಯಿಂದ ನೀರು ಒಸರುವುದೂ ಅದರಲ್ಲೊಂದು. ಆ ಊರಿರುವುದೂ ಕಡಪ ಜಿಲ್ಲೆಯಲ್ಲೇ.

ಪಂಚಾಯಿತಿಗೆ, ಇಲಾಖೆಗೆ ಫೋನ್ ಮಾಡಿದ್ದೆವು. ಇದು ನಲವತ್ತು ಹೆಕ್ಟೇರಿಗಿಂತ ಕಮ್ಮಿ ಅಚ್ಚುಕಟ್ಟಿನ ಕೆರೆ, ಸಣ್ಣ ನೀರಾವರಿಯವರ ಲೆಕ್ಕಕ್ಕೆ ಬರುವುದಿಲ್ಲ ಎಂದರು ಒಬ್ಬರು. ಕತ್ತಲಾಗುವ ಹೊತ್ತಿಗೆ ಒಬ್ಬ ಎಳೆಯ ಇಂಜಿನಿಯರ್ ತಾನಾಗಿಯೇ ಬೈಕಿನಲ್ಲಿ ಬಂದ. ಚೀಲದ ಕಟ್ಟೆ ನೋಡಿ "ಯಾರು ಹೇಳ್ಕೊಟ್ಟಿದ್ದು ಇದನ್ನ?" ಅಂತ ಕೇಳಿ, ತಾತನಿಗೆ ಕೈ ಮುಗಿದ. ಮುಂದಿನ ತಿಂಗಳೇ ದೇಶಕ್ಕೆ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. ಹದಿನೈದು ಮೀಟರಿಗಿಂತ ಎತ್ತರದವಕ್ಕೆ ಅದು ಅನ್ವಯ, ಹತ್ತರಿಂದ ಹದಿನೈದರ ನಡುವಿನವಕ್ಕೆ ಕೆಲವು ಷರತ್ತಿನ ಮೇಲೆ. ನಮ್ಮ ಏರಿ ಆರು ಮೀಟರು.

ರಾತ್ರಿ ಸರದಿ ಹಾಕಿಕೊಂಡು ಕಾದೆವು. ರೀಲ್ಸ್ ಹುಡುಗರೇ ಮೊಬೈಲ್ ಟಾರ್ಚು ಹಿಡಿದು ಏರಿಯ ಹಿಂಬದಿ ಬರಿಗಾಲಲ್ಲಿ ತಿರುಗುತ್ತಿದ್ದರು. ಬೆಳಗಿನ ಜಾವ ತಾತ ಪೈಪಿನ ಬಾಯಿಗೆ ಸ್ಟೀಲ್ ಲೋಟ ಹಿಡಿದು, ಟಾರ್ಚಿನ ಬೆಳಕಿನಲ್ಲಿ ನೋಡಿ, ನನ್ನ ಕೈಗೆ ಕೊಟ್ಟ. ಲೋಟದ ತಳ ಕಾಣುತ್ತಿತ್ತು.

ಎರಡು ವಾರ ಬಿಟ್ಟು ಊರಿಗೆ ಫೋನ್ ಮಾಡಿದೆ. ಏರಿ ಹೇಗಿದೆ ಅಂತ ಕೇಳಿದೆ. ಏರಿ ಚೆನ್ನಾಗೈತೆ, ಆದರೆ ಕೋಡಿಗೆ ಯಾರೋ ಮತ್ತೆ ಬಲೆ ಕಟ್ಟವ್ರೆ ಅಂದ ಅಣ್ಣನ ಮಗ. ತಾತ ಎಲ್ಲಿ ಅಂದೆ.

"ಕುಡುಗೋಲು ಮಸೀತಾವ್ನೆ ಚಿಕ್ಕಪ್ಪ. ನಾನೂ ಹೊಂಟೆ. ಆಮೇಲ್ ಮಾಡ್ತೀನಿ."