ಚಾದರ ಬಿಡಿಸ್ಕೊಂಡ್ರೇನು?

ಸಿನಿಮಾ ಮುಗಿದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು: “ಸೈಕಲ್ ಹೋಯ್ತು, ಹೋಗ್ಲಿ. ಆ ಚಾದರ ಬಿಡಿಸ್ಕೊಂಡ್ರೇನು ಇಲ್ಲೋ?”

ನಾಲ್ಕು ದಿನವಾಯ್ತು, ಆ ಪ್ರಶ್ನೆ ತಲೆಯಿಂದ ಇಳಿದಿಲ್ಲ.

ಅತ್ತೆ ಆಳಂದ ಕಡೆಯ ಹಳ್ಳಿಯಿಂದ ಕಲಬುರಗಿಗೆ ಬಂದಿದ್ದರು. ಭಾನುವಾರ ಲ್ಯಾಪ್‌ಟಾಪಿನಲ್ಲಿ ‘ಬೈಸಿಕಲ್ ಥೀವ್ಸ್’ ಹಾಕಿದೆ. 1948ರಲ್ಲಿ ಬಂದ, ಇಟಲಿಯ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾನ ಸಿನಿಮಾ. ಯುದ್ಧ ಮುಗಿದ ರೋಮ್, ಎಲ್ಲಿ ನೋಡಿದರೂ ಕೆಲಸವಿಲ್ಲದ ಗಂಡಸರು. ಒಬ್ಬನಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಅದಕ್ಕೆ ಸೈಕಲ್ ಬೇಕು. ಸೈಕಲ್ ಗಿರವಿಯಲ್ಲಿದೆ. ಹೆಂಡತಿ ಹಾಸಿಗೆಯ ಚಾದರ ಕಿತ್ತು ಗಿರವಿ ಇಡುತ್ತಾಳೆ, ಆ ದುಡ್ಡಲ್ಲಿ ಸೈಕಲ್ ಬಿಡಿಸಿಕೊಳ್ಳುತ್ತಾರೆ. ಕೆಲಸದ ಮೊದಲ ದಿನವೇ ಸೈಕಲ್ ಕಳವು.

ಜೊತೆಗಿದ್ದ ಗೆಳೆಯ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಒಳ್ಳೆಯವನೇ, ಆದರೆ ಚಹಾ ಬರುವಷ್ಟರಲ್ಲಿ ನಾಲ್ಕು ಸಲ ‘ನಿಯೋರಿಯಲಿಸಂ’ ಅಂದಿದ್ದ, ಅಂದರೆ ಬಡವರ ಬದುಕನ್ನು ಇದ್ದಂತೆ ತೋರಿಸುವ ಸಿನಿಮಾ ಶೈಲಿ. ನೆಲಮಾಳಿಗೆಯ ಸಭೆ ಬಂದಾಗ ವಿಡಿಯೋ ನಿಲ್ಲಿಸಿದ. “ರಾಜಕೀಯ ಇರೋದು ಇಲ್ಲಿ ನೋಡ್ರಿ ಅತ್ತಿ.” ಅಲ್ಲೊಬ್ಬ ಕೆಲಸದ ಬಗ್ಗೆ ಭಾಷಣ ಮಾಡುತ್ತಿದ್ದಾನೆ. ಸೈಕಲ್ ಕಳಕೊಂಡವನು ಬಾಯಿ ತೆರೆದರೆ ಸುಮ್ನಿರು ಅಂತಾರೆ.

“ಭಾಷಣದೋರು ಎಲ್ಲಾ ಕಡಿ ಹಿಂಗೇ,” ಅಂದು ಅತ್ತೆ ಮತ್ತೆ ಬೆಳ್ಳುಳ್ಳಿ ಸುಲಿಯತೊಡಗಿದರು.

ಅದೇ ಅತ್ತೆಯ ಕೈ ಗಿರವಿ ಅಂಗಡಿಯಲ್ಲಿ ನಿಂತುಬಿಟ್ಟಿತ್ತು. ಅಂಗಡಿಯವನು ಗಂಟು ಹಿಡಿದು ಕಪಾಟು ಹತ್ತುತ್ತಾನೆ. ಹತ್ತುತ್ತಲೇ ಹೋಗುತ್ತಾನೆ. ಮೇಲಿನವರೆಗೂ ಬರೀ ಚಾದರದ ಗಂಟುಗಳೇ. “ಯವ್ವಾ, ಇಷ್ಟ್ ಮಂದೀದಾ?”

ನಮ್ಮ ಸಿನಿಮಾಗಳಲ್ಲಿ ಬಿಳಿ ಅಂಗಿಯ ಮಂತ್ರಿಗೆ ಕೊನೆಗೆ ನಾಲ್ಕು ಬಾರಿಸಿದರೆ ಮುಗೀತು. ಶಿಳ್ಳೆ ಹೊಡೆದು ಮನೆಗೆ ಬರುತ್ತೇವೆ. ನಾನೂ ಹೊಡೆದಿದ್ದೇನೆ, ಸುಳ್ಯಾಕೆ. ಗಿರವಿ ಇಟ್ಟದ್ದೇನಾಯ್ತು ಅಂತ ಯಾರೂ ಕೇಳಲ್ಲ, ಅಲ್ವಾ?

2022ರಲ್ಲಿ ನೆಟೆರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿತು. ಅತ್ತೆಯ ಬೋರಮಾಳ, ಆ ಚಿನ್ನದ ಗುಂಡಿನ ಸರ, ಕೊರಳಿಂದ ಕಾಣೆಯಾಗಿದ್ದು ಆಗಲೇ. ಮುಂದಿನ ಮೇ ತಿಂಗಳಲ್ಲಿ ಚುನಾವಣೆ ಬಂತು. ಊರಿಗೆ ಮೈಕಿನ ಗಾಡಿಗಳು ಬಂದವು, ರೈತರ ಹೆಸರು ನೂರು ಸಲ ಹೇಳಿ ಹೋದವು. ಮದುವೆಗಳಿಗೆ ಅತ್ತೆ ಸೆರಗು ಕೊರಳ ಸುತ್ತ ಎಳೆದುಕೊಂಡೇ ಬರುತ್ತಿದ್ದರು. ಸೆಖೆ ಆಗಲ್ವಾ ಅಂತ ತಮಾಷೆ ಮಾಡಿದ್ದೆ ನಾನು. ದಡ್ಡ.

ನಿನ್ನೆ ಫೋನ್ ಮಾಡಿದೆ. ಸುತ್ತಿ ಬಳಸಿ ಕೊನೆಗೆ ಕೇಳಿಯೇಬಿಟ್ಟೆ. “ಬೋರಮಾಳ ಬಿಡಿಸ್ಕೊಂಡ್ರೇನ್ರಿ ಅತ್ತಿ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಅದಿರ್ಲಿ ಬಿಡು ತಮ್ಮಾ. ಆ ಹೆಣ್ಮಗಳ ಚಾದರದ್ದು ಹೇಳ್ಲೇ ಇಲ್ಲ ನೀ.”