ನಕ್ಷತ್ರದ ಕಕ್ಷೆಗಿಂತ ಟೆಲಿಸ್ಕೋಪಿನ ಕಕ್ಷೆಯೇ ದೊಡ್ಡದಾದಾಗ

ಐಜಿಆರ್ ಜೆ17062-6143 ಎಂಬ ಜೋಡಿಯಲ್ಲಿ ನ್ಯೂಟ್ರಾನ್ ನಕ್ಷತ್ರ (ಸತ್ತ ನಕ್ಷತ್ರದ ಅತಿ ಸಾಂದ್ರ ತಿರುಳು) ಸೆಕೆಂಡಿಗೆ 163.66 ಸುತ್ತು ತಿರುಗುತ್ತದೆ, ಪ್ರತಿ ಸುತ್ತಿಗೂ ಅದರ ಎಕ್ಸ್-ರೇ ಒಮ್ಮೆ ಮಿಡಿಯುತ್ತದೆ. ಜೊತೆಗಾರನೊಂದಿಗೆ ಒಂದು ಪ್ರದಕ್ಷಿಣೆಗೆ 38 ನಿಮಿಷ ಸಾಕು. ನಮ್ಮ ದೃಷ್ಟಿರೇಖೆಯಲ್ಲಿ ಅಳೆದರೆ ಅದರ ಕಕ್ಷೆಯ ತ್ರಿಜ್ಯ 4 ಬೆಳಕಿನ ಮಿಲಿಸೆಕೆಂಡು, ಅಂದರೆ ಬೆಳಕು ಅಷ್ಟು ಹೊತ್ತಿನಲ್ಲಿ ಸಾಗುವ ಸುಮಾರು 1,200 ಕಿ.ಮೀ. ಇದನ್ನು 2017ರ ವೀಕ್ಷಣೆಯಲ್ಲಿ ಅಳೆದ (ಪ್ರಕಟವಾದದ್ದು 2018ರಲ್ಲಿ) ನಾಸಾದ ಎಕ್ಸ್-ರೇ ಟೆಲಿಸ್ಕೋಪು ನೈಸರ್ ಇರುವುದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲೆ. ಆ ನಿಲ್ದಾಣದ ಕಕ್ಷೆಯ ತ್ರಿಜ್ಯ ಸುಮಾರು 6,780 ಕಿ.ಮೀ., ಅಂದರೆ 22.6 ಮಿಲಿಸೆಕೆಂಡು. ತೂಗಬೇಕಾದ ಸರಕಿಗಿಂತ ತಕ್ಕಡಿಯೇ ಹೆಚ್ಚು ಓಲಾಡುವ ಪರಿಸ್ಥಿತಿ.

ಡಾಪ್ಲರ್ ಲೆಕ್ಕದಲ್ಲೂ, ಅಂದರೆ ಓಟದಿಂದ ಆವೃತ್ತಿ ಸರಿಯುವ ಲೆಕ್ಕದಲ್ಲೂ, ಅಷ್ಟೇ. 163.66 ಹರ್ಟ್ಸ್‌ನ ಮಿಡಿತವನ್ನು ಭೂಮಿಯ ಓಟ ಹೆಚ್ಚೆಂದರೆ 16 ಮಿಲಿಹರ್ಟ್ಸ್‌ನಷ್ಟು ಸರಿಸುತ್ತದೆ, ನಿಲ್ದಾಣದ ಓಟ 4ರಷ್ಟು. ನಮಗೆ ಬೇಕಾದ ನಕ್ಷತ್ರದ ಓಟ ಸರಿಸುವುದು ಬರೀ 1.8! ಹಾಗಾಗಿ ಈ ಕೆಲಸದಲ್ಲಿ ಬ್ಯಾರಿಸೆಂಟರ್ ತಿದ್ದುಪಡಿ, ಅಂದರೆ ಪ್ರತಿ ಫೋಟಾನ್ ಬಂದ ಸಮಯವನ್ನು ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಹೊಂದಿಸುವುದು, ಒಂದು ಕಮಾಂಡ್ ಓಡಿಸಿ ಮರೆಯುವ ವಿಷಯವಲ್ಲ.

ಈ ತಿದ್ದುಪಡಿ ಮಾಡುವ ಬ್ಯಾರಿಕಾರ್ ಟೂಲ್‌ಗೆ ಕೊಡಬೇಕಾದ್ದು ಇವೆಂಟ್ ಫೈಲ್ (ಫೋಟಾನ್‌ಗಳು ಬಂದ ಸಮಯಗಳ ಪಟ್ಟಿ), ಅದೇ ವೀಕ್ಷಣೆಯ ಆರ್ಬಿಟ್ ಫೈಲ್ (ಟೆಲಿಸ್ಕೋಪು ಯಾವಾಗ ಎಲ್ಲಿತ್ತೆಂಬ ಪಟ್ಟಿ), ನಕ್ಷತ್ರದ ಸ್ಥಾನ ಮತ್ತು ಗ್ರಹಸ್ಥಾನಗಳ ಕೋಷ್ಟಕ. ಎಡವಟ್ಟು ಹೆಚ್ಚಾಗಿ ಕೊನೆಯ ಎರಡರಲ್ಲಿ. ಡಿಇ-200 ಎಂಬ ಹಳೆಯ ಕೋಷ್ಟಕಕ್ಕೆ ಎಫ್‌ಕೆ5 ಎಂಬ ಸ್ಥಾನ ಅಳೆಯುವ ಚೌಕಟ್ಟು, ಹೊಸ ಡಿಇ-405 ಅಥವಾ 430ಕ್ಕೆ ಐಸಿಆರ್‌ಎಸ್. ಅದಲುಬದಲಾದರೂ ಟೂಲ್ ತಕರಾರು ಮಾಡದೆ ಓಡಬಹುದು, ಮಿಡಿತ ಮಾತ್ರ ಜಾರುತ್ತದೆ. ಸ್ಥಾನ 1 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ) ತಪ್ಪಿದರೆ ಸಮಯ ವರ್ಷದುದ್ದಕ್ಕೂ 2.4 ಮಿಲಿಸೆಕೆಂಡಿನವರೆಗೆ ಆಚೀಚೆ ಆಗುತ್ತದೆ. ಒಂದು ಸುತ್ತಿನ ಅವಧಿಯೇ 6.1 ಮಿಲಿಸೆಕೆಂಡು. ಒಂದು ದಿನದ ಡೇಟಾದಲ್ಲಿ ಇದು ಕಣ್ಣಿಗೇ ಬೀಳದು, ಆರು ತಿಂಗಳ ಡೇಟಾ ಜೋಡಿಸಿದಾಗ ನಕ್ಷತ್ರದ ತಿರುಗುವ ವೇಗ ಬದಲಾಗುತ್ತಿದೆ ಎಂಬ ಸುಳ್ಳು ಫಲಿತಾಂಶವಾಗಿ ಎದ್ದು ಬರುತ್ತದೆ. ಸ್ಥಾನ ಎಲ್ಲಿಂದ ತೆಗೆದುಕೊಂಡಿರಿ ಎಂಬುದನ್ನು ಲಾಗ್‌ನಲ್ಲಿ ಬರೆದಿಡುವುದು ಅದಕ್ಕೇ.

ಆರ್ಬಿಟ್ ಫೈಲ್ ನಿಜವಾಗಿಯೂ ಬಳಕೆಯಾಗಿದೆಯೇ? ಸುಲಭದ ಪರೀಕ್ಷೆಯೊಂದಿದೆ. ಅದೇ ಫೈಲನ್ನು ಒಮ್ಮೆ ಆರ್ಬಿಟ್ ಫೈಲ್ ಕೊಟ್ಟು, ಇನ್ನೊಮ್ಮೆ 'ಜಿಯೋಸೆಂಟರ್' (ಭೂಮಿಯ ಕೇಂದ್ರ) ಎಂದು ಕೊಟ್ಟು ತಿದ್ದಿ, ಎರಡೂ ಸಮಯ ಕಾಲಂಗಳನ್ನು ಕಳೆಯಿರಿ. ಸುಮಾರು 92 ನಿಮಿಷದ, 22.6 ಮಿಲಿಸೆಕೆಂಡು ಮೀರದ ಅಲೆಯ ತುಣುಕುಗಳು ಕಾಣಬೇಕು. ಚಪ್ಪಟೆ ಗೆರೆ ಬಂದರೆ ಅಲ್ಲಿಗೇ ನಿಲ್ಲಿಸಿ. ಹೆಡರ್‌ನಲ್ಲಿ ಟೈಮ್‌ಸಿಸ್ ಟಿಟಿಯಿಂದ (ಭೂಮಿಯ ಸಮಯ) ಟಿಡಿಬಿಗೆ (ದ್ರವ್ಯಕೇಂದ್ರದ ಸಮಯ), ಟೈಮ್‌ರೆಫ್ ಸೋಲಾರ್‌ಸಿಸ್ಟಮ್‌ಗೆ ಬದಲಾಗಿರಬೇಕು. ಜಿಟಿಐ, ಅಂದರೆ ಒಳ್ಳೆಯ ಡೇಟಾ ಇರುವ ಅವಧಿಗಳ, ಪಟ್ಟಿಯೂ ತಿದ್ದುಪಡಿಯಾಗಿದೆಯೇ ನೋಡಿ: ಇವೆಂಟ್‌ಗಳು ಮುಂದೆ ಸರಿದು ಜಿಟಿಐ ಹಿಂದೆಯೇ ಉಳಿದರೆ, 500 ಸೆಕೆಂಡಿನವರೆಗೂ ಒಳ್ಳೆಯ ಡೇಟಾ ಕತ್ತರಿಗೆ ಸಿಗುತ್ತದೆ. ಫಿಲ್ಟರ್ ಮೊದಲು, ತಿದ್ದುಪಡಿ ಆಮೇಲೆ.

ಇಷ್ಟಾದ ಮೇಲೆ ಮಿಡಿಯುವ ನ್ಯೂಟ್ರಾನ್ ನಕ್ಷತ್ರವಾದ ಕ್ರ್ಯಾಬ್ ಪಲ್ಸಾರ್‌ನ ಒಂದು ವೀಕ್ಷಣೆಯನ್ನು ಇದೇ ದಾರಿಯಲ್ಲಿ ಓಡಿಸಿ, ಬ್ರಿಟನ್ನಿನ ರೇಡಿಯೋ ವೀಕ್ಷಣಾಲಯ ಜೋಡ್ರೆಲ್ ಬ್ಯಾಂಕ್‌ನ ತಿಂಗಳ ಮಿಡಿತ-ಸಮಯದ ಪಟ್ಟಿಯ ಜೊತೆ ಹೋಲಿಸುವುದು ವಾಡಿಕೆ. ಆ ಪಟ್ಟಿ ಡಿಇ-200ರಲ್ಲಿದೆ ಎಂಬುದು ಮರೆತರೆ ಸರಿಯಿರುವ ಪೈಪ್‌ಲೈನನ್ನೇ ಬಿಚ್ಚಿ ಕೂರಬೇಕಾದೀತು.

ನಂತರ ಮಿಡಿತದ ಹುಡುಕಾಟದಲ್ಲಿ ಕಿಟಕಿಯ ಸಮಸ್ಯೆ. ನಿಲ್ದಾಣದ ಒಂದು ಸುತ್ತಿನಲ್ಲಿ ಗುರಿ ಬಿಡುವಿಲ್ಲದೆ ಕಾಣುವುದು ಸಾವಿರ ಸೆಕೆಂಡಿನ ಆಸುಪಾಸು. ಸಾವಿರ ಸೆಕೆಂಡಿಗೆ ಆವೃತ್ತಿಯ ಸೂಕ್ಷ್ಮತೆ 1 ಮಿಲಿಹರ್ಟ್ಸ್, ಅಷ್ಟರಲ್ಲಿ ನಕ್ಷತ್ರ ತನ್ನ ಕಕ್ಷೆಯ ಅರ್ಧದ ಹತ್ತಿರ ಸಾಗಿರುತ್ತದೆ. ಮಿಡಿತದ ಶಕ್ತಿ ಎರಡು ಮೂರು ಆವೃತ್ತಿ-ಬಿನ್‌ಗಳಿಗೆ ಹರಡುತ್ತದೆ. ಆದ್ದರಿಂದ ಕಕ್ಷಾವಧಿ, ತ್ರಿಜ್ಯ, ಕಕ್ಷೆಯ ಆರಂಭಬಿಂದುವಿನ ಕಾಲ, ಈ ಮೂರರ ಜಾಲವನ್ನೂ ಆವೃತ್ತಿಯ ಜೊತೆಗೇ ತಡಕಬೇಕು. ಎಷ್ಟು ಕಡೆ ತಡಕಿದ್ದೀರಿ ಎಂಬ ಎಣಿಕೆ ಇಲ್ಲದೆ ಸಿಕ್ಕ ಶಿಖರಕ್ಕೆ ಬೆಲೆಯಿಲ್ಲ. ಸಿಕ್ಕ ಕಕ್ಷಾವಧಿಯ ಆವೃತ್ತಿಯ ಅಕ್ಕಪಕ್ಕ 0.18 ಮಿಲಿಹರ್ಟ್ಸ್ ದೂರದಲ್ಲಿ ಅವಳಿ ಶಿಖರಗಳಿದ್ದರೆ ಅವು 92 ನಿಮಿಷದ ಬಿಡುವಿನ ನೆರಳು.

ಬೆಂಗಳೂರು ಬಳಿಯ ಬ್ಯಾಲಾಳುವಿನ ಇಸ್ರೋ ಸಂಗ್ರಹದಿಂದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಡೇಟಾ ಇಳಿಸಿಕೊಳ್ಳುವವರಿಗೂ ಇದೇ ಕ್ರಮ. ಕಕ್ಷೆ 650 ಕಿ.ಮೀ. ಎತ್ತರದಲ್ಲಿದೆ, ಓಲಾಟ 23.4 ಮಿಲಿಸೆಕೆಂಡು. ಟೂಲ್ ಮಾತ್ರ ಬೇರೆ, ಎಎಸ್1ಬ್ಯಾರಿ. ಅದರ ಎಕ್ಸ್-ರೇ ಉಪಕರಣ ಲ್ಯಾಕ್ಸ್‌ಪಿಸಿಯಲ್ಲಿ ಇನ್ನೊಂದು ತೊಡಕು: ಪ್ರತಿ ಫೋಟಾನಿನ ನಂತರ ಡಿಟೆಕ್ಟರ್ ಸುಮಾರು 42 ಮೈಕ್ರೋಸೆಕೆಂಡು ಕುರುಡು. ಸೆಕೆಂಡಿಗೆ ಸಾವಿರ ಎಣಿಕೆ ಬಂದರೆ 4 ಶೇಕಡಾ ಸಮಯ ಹೋಯಿತು, ಯಾವ ಆವೃತ್ತಿಯಲ್ಲಿ ಎಷ್ಟು ಮಿಡಿತವಿದೆ ಎಂದು ತೋರುವ ಪವರ್ ಸ್ಪೆಕ್ಟ್ರಮ್‌ನ ಗದ್ದಲದ ಮಟ್ಟ ಆದರ್ಶ ಬೆಲೆಯಾದ 2ಕ್ಕಿಂತ ಕೆಳಗಿಳಿಯುತ್ತದೆ. ಅದನ್ನು 2 ಎಂದೇ ಹಿಡಿದು ಕಳೆದರೆ ದುರ್ಬಲ ಮಿಡಿತ ಕೈತಪ್ಪುತ್ತದೆ.